ಫೋರ್ ವೀಲ್ ಇದ್ರೂ ಚರಂಡಿಯೇ

ಕೊಡಗಿನಲ್ಲಿ ಹಿಮ ಬೀಳುವುದಿಲ್ಲ. ಹಿಮದಲ್ಲಿ ಕಾರು ಓಡಿಸುವುದು ಹೇಗೆ ಅಂತ ಹೇಳಿಕೊಡುವವರಿಗೆ ಮಾತ್ರ ಇಲ್ಲಿ ಬರವಿಲ್ಲ. ಅದರಲ್ಲೂ ಕಕ್ಕಡ ತಿಂಗಳ ಮಳೆ, ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ, ಕೈಯಲ್ಲಿ ಬಿಸಿ ಕಾಫಿ ಅಂದ್ರೆ ಮುಗೀತು.

ಗಾಳಿಬೀಡಿನ ಅಣ್ಣನ ಮನೆ ಜಗಲಿಯಲ್ಲಿ ಅವತ್ತು ನನ್ನ ಜೊತೆ ಮೂವರಿದ್ದರು. ಮಾಂದಲಪಟ್ಟಿ ಬೆಟ್ಟಕ್ಕೆ ಪ್ರವಾಸಿಗರನ್ನು ಹತ್ತಿಸುವ ಜೀಪಣ್ಣ. ಕೆಲಸದಿಂದ ನಿವೃತ್ತರಾದರೂ ಪಾಠದಿಂದ ನಿವೃತ್ತರಾಗದ ವಿಜ್ಞಾನದ ಮೇಷ್ಟ್ರು. ಕೆನಡಾದ ಕ್ವಿಬೆಕ್‌ನಿಂದ ರಜೆಗೆ ಬಂದ ಪಕ್ಕದ ಮನೆ ಹುಡುಗ. ಇವನನ್ನು ಈಗ ಎಲ್ಲರೂ ಕರೆಯುವುದು ಕೆನಡಾ ಅಂತಲೇ.

ಕಳೆದ ಚಳಿಗಾಲದಲ್ಲಿ ಕೆನಡಾ ಒಂದು ಹಳ್ಳಿ ದಾರಿಯಲ್ಲಿ ಹೋಗುತ್ತಿದ್ದ. ಎರಡೂ ಕಡೆ ಹಿಮ ಮುಚ್ಚಿದ ಹೊಲ. ರಸ್ತೆ ಮಾತ್ರ ಕಪ್ಪಗೆ, ಚೊಕ್ಕವಾಗಿ, ಸ್ವಲ್ಪ ಒದ್ದೆಯಾದ ಹಾಗೆ ಕಾಣುತ್ತಿತ್ತು.

"ಅದು ಒದ್ದೆ ಅಲ್ಲ, ತೆಳ್ಳಗೆ ಹೆಪ್ಪುಗಟ್ಟಿದ ಐಸು. ಕೆಳಗಿನ ಡಾಂಬರು ಕಾಣುತ್ತೆ, ಐಸು ಕಾಣಲ್ಲ. ಒಂದು ಸಣ್ಣ ಸೇತುವೆ ಬಂತು ನೋಡಿ, ನನ್ನ ಕಾರಿನ ಹಿಂಭಾಗ ನನ್ನನ್ನೇ ಓವರ್‌ಟೇಕ್ ಮಾಡೋಕೆ ಬಂತು."

ಸೇತುವೆ ಅಂದದ್ದೇ ತಡ, ಮೇಷ್ಟ್ರು ಲೋಟ ಕೆಳಗಿಟ್ಟರು. "ಸೇತುವೆಗೆ ಮೇಲೂ ತಣ್ಣನೆ ಗಾಳಿ, ಕೆಳಗೂ ತಣ್ಣನೆ ಗಾಳಿ. ಉಳಿದ ರಸ್ತೆಗೆ ಅಡಿಯಲ್ಲಿ ನೆಲದ ಬಿಸಿಯಾದರೂ ಇರುತ್ತೆ. ಅದಕ್ಕೇ ಸೇತುವೆ ಮೊದಲು ಹೆಪ್ಪುಗಟ್ಟೋದು."

"ಮೇಷ್ಟ್ರೇ, ಹುಡುಗನ ಕಾರು ಇನ್ನೂ ತಿರುಗ್ತಾ ಇದೆ. ಅದನ್ನ ಮೊದಲು ನಿಲ್ಸೋಣ" ಅಂದರು ಜೀಪಣ್ಣ.

ಅದು ನಿಲ್ಲಲಿಲ್ಲ. ಕೆನಡಾ ಗಾಬರಿಯಲ್ಲಿ ಸ್ಟಿಯರಿಂಗ್ ಸರ್ರನೆ ತಿರುಗಿಸಿದ. ಕಾರು ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುವ ಹಾಗೆ, ಅವಸರವೇ ಇಲ್ಲದೆ, ಸುತ್ತು ಬಂತು. ಇಗ್ಗುತ್ತಪ್ಪನನ್ನು ಕರೆದು, ಕಾವೇರಮ್ಮನನ್ನು ಕರೆದು, ವಿಮೆ ಕಂತು ಕಟ್ಟಿದ್ದೇನಾ ಅಂತ ಯೋಚಿಸುವಷ್ಟು ಸಮಯ ಸಿಕ್ಕಿತಂತೆ. ಕೊನೆಗೆ ಬಂದ ದಾರಿಗೇ ಮುಖ ಮಾಡಿ ಚರಂಡಿಯಲ್ಲಿ ಕುಳಿತಿತು. ಇವನು ಫೋನ್ ತೆಗೆಯುವಷ್ಟರಲ್ಲಿ ಪಕ್ಕದ ಹೊಲದ ರೈತ ಟ್ರ್ಯಾಕ್ಟರ್ ಸಮೇತ ಹಾಜರ್. ಹಗ್ಗ ಮೊದಲೇ ಕಟ್ಟಿಕೊಂಡು ಬಂದಿದ್ದ. ಅವತ್ತು ಬೆಳಗ್ಗೆಯಿಂದ ಅವನಿಗೆ ಅದೇ ಕೆಲಸವಂತೆ.

"ಫೋರ್ ವೀಲ್ ಇರಲಿಲ್ವಾ ಮಾರಾಯ ನಿಂಗೆ?" ಜೀಪಣ್ಣನ ಲೆಕ್ಕದಲ್ಲಿ ಲೋಕದ ಎಲ್ಲ ಕಷ್ಟಕ್ಕೂ ಫೋರ್ ವೀಲೇ, ಅಂದರೆ ನಾಲ್ಕೂ ಚಕ್ರಕ್ಕೆ ಇಂಜಿನ್ ಬಲ ಕೊಡುವ ವ್ಯವಸ್ಥೆಯೇ ಮದ್ದು.

"ಇತ್ತು ಜೀಪಣ್ಣ. ಚರಂಡಿಗೆ ನಾಲ್ಕೂ ಒಟ್ಟಿಗೇ ಹೋದವು."

ಮೇಷ್ಟ್ರು ಇದಕ್ಕೇ ಕಾಯುತ್ತಿದ್ದರು. ಫೋರ್ ವೀಲ್ ಇರುವುದು ಹೊರಡಲಿಕ್ಕೆ, ನಿಲ್ಲಲಿಕ್ಕಲ್ಲ. ಬ್ರೇಕ್ ಅನ್ನೋದು ಎಲ್ಲ ಕಾರಿಗೂ ನಾಲ್ಕು ಚಕ್ರಕ್ಕೇ ಇರುತ್ತದೆ. ಹಿಡಿತ ಕೊಡಬೇಕಾದ್ದು ಟೈರು ಮತ್ತು ರಸ್ತೆ. ಒಣ ಡಾಂಬರಿನ ಮೇಲೆ ಘರ್ಷಣೆಯ ಅಳತೆ ಸುಮಾರು 0.7 ಇದ್ದರೆ ಐಸಿನ ಮೇಲೆ 0.1ರ ಆಸುಪಾಸು. "ಅಂದ್ರೆ ಇಲ್ಲಿ 20 ಮೀಟರಿನಲ್ಲಿ ನಿಲ್ಲೋ ಕಾರಿಗೆ ಅಲ್ಲಿ 140 ಮೀಟರ್ ಬೇಕು. ನಮ್ಮ ಗೇಟಲ್ಲಿ ಬ್ರೇಕ್ ಹಾಕಿದ್ರೆ ಕಾಫಿ ಕಣ ದಾಟಿ ನಿಲ್ಲುತ್ತೆ."

"ಮೈನಸ್ ಇಪ್ಪತ್ತಾದ್ರೆ ಇನ್ನೂ ಜಾಸ್ತಿ ಜಾರುತ್ತೇನೋ?" ಅಂದೆ ನಾನು.

"ಇಲ್ಲ, ಸೊನ್ನೆ ಹತ್ತಿರ ಇದ್ದಾಗಲೇ ಕಾಟ ಜಾಸ್ತಿ. ಐಸಿನ ಮೇಲೆ ನೀರಿನ ಪಸೆ ಇರುತ್ತೆ" ಅಂದರು ಮೇಷ್ಟ್ರು.

"ಅದಕ್ಕೇ ರಸ್ತೆಗೆಲ್ಲ ಲಾರಿಯಲ್ಲಿ ಉಪ್ಪು ಹಾಕ್ತಾರೆ" ಅಂದ ಕೆನಡಾ.

ಒಳಗಿನಿಂದ ಅತ್ತಿಗೆ ಕೇಳಿದರು: "ಅಲ್ಲೂ ಜಿಗಣೆ ಇದೆಯಾ?"

ಜಿಗಣೆಗಲ್ಲ, ಉಪ್ಪು ಬೆರೆತ ನೀರು ಸುಲಭಕ್ಕೆ ಹೆಪ್ಪುಗಟ್ಟುವುದಿಲ್ಲ ಅಂತ ಬಿಡಿಸಿ ಹೇಳುವುದರಲ್ಲಿ ಮೇಷ್ಟ್ರ ಕಾಫಿ ಆರಿತು. ಚಳಿ ಮೈನಸ್ ಹತ್ತು ದಾಟಿದರೆ ಮಾಮೂಲಿ ಉಪ್ಪಿನ ಆಟವೂ ಅಷ್ಟಾಗಿ ನಡೆಯುವುದಿಲ್ಲ. ಆಗ ಮರಳು ಚೆಲ್ಲುತ್ತಾರೆ. ಕ್ವಿಬೆಕ್‌ನಲ್ಲಂತೂ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಕಡ್ಡಾಯ. ಮಾಮೂಲಿ ಟೈರಿನ ರಬ್ಬರ್ ಚಳಿಗೆ ಗಟ್ಟಿಯಾಗಿ ಹಿಡಿತ ಬಿಡುತ್ತದೆ, ಇದು ಮೆತ್ತಗೇ ಇರುತ್ತದೆ. ಇಷ್ಟು ಕೇಳಿ ನಾವೆಲ್ಲ ಅಂಗಳದಲ್ಲಿ ನಿಂತಿದ್ದ ಜೀಪಿನ ಟೈರಿನ ಕಡೆ ನೋಡಿದೆವು. ಜೀಪಣ್ಣ ಆಕಾಶದ ಕಡೆ ನೋಡಿದರು.

"ಟೈರ್ ಬಿಡಿ, ನಾನು ಚೈನ್ ಕಟ್ತೀನಿ" ಅಂದರು. ಅದು ನಿಜ. ಮಳೆಗಾಲದ ಎಸ್ಟೇಟ್ ದಾರಿಗೆ ಚಕ್ರಕ್ಕೆ ಚೈನ್ ಕಟ್ಟುವುದು ಇಲ್ಲಿನ ಜೀಪಿನವರಿಗೆ ಗೊತ್ತಿರುವ ವಿದ್ಯೆ. ಹಿಮದ ದೇಶದವರೂ ಗುಡ್ಡದ ದಾರಿಗೆ ಅದನ್ನೇ ಮಾಡುತ್ತಾರೆ ಅಂತ ಕೆನಡಾ ಹೇಳಿದ ಮೇಲೆ ಜೀಪಣ್ಣನನ್ನು ಹಿಡಿಯುವವರಿಲ್ಲ.

"ಐಸು ಐಸು ಅಂತೀಯಲ್ಲ, ಪಾಚಿ ನೋಡು! ಕಾಂಕ್ರೀಟ್ ಏರಿನ ಮೇಲೆ ಪಾಚಿ, ಅದರ ಮೇಲೆ ಸಿಲ್ವರ್ ಓಕ್ ಎಲೆ, ಎಲೆ ಅಡಿಯಲ್ಲಿ ಕೆಂಪು ಕೆಸರು. ಸಾಲದು ಅಂತ ಹಲಸಿನ ಹಣ್ಣು ತಿಂದು ಹೋದ ಆನೆ ನಡುದಾರಿಯಲ್ಲಿ ಲದ್ದಿ ಹಾಕಿರುತ್ತೆ. ನಿಮ್ಮ ಸರ್ಕಾರ ಅದಕ್ಕೆ ಏನು ಹಾಕುತ್ತೆ?"

ಕೆನಡಾದ ಹತ್ತಿರ ಉತ್ತರ ಇರಲಿಲ್ಲ. ನನ್ನನ್ನು ಕೇಳಿದರೆ ಪಾಚಿಗೇ ನನ್ನ ಓಟು. ಐಸು ಬಿಸಿಲು ಬಂದರೆ ಕರಗುತ್ತದೆ. ನಮ್ಮ ಪಾಚಿಯನ್ನು ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿದರೂ ನಾಲ್ಕು ಮಳೆಗೆ ಮತ್ತೆ ಹಸಿರು.

ಜಾರಿದಾಗ ಮಾಡಬೇಕಾದ್ದು ಎರಡೂ ಕಡೆ ಒಂದೇ. ಆಕ್ಸಿಲರೇಟರ್‌ನಿಂದ ಕಾಲು ತೆಗೆಯಬೇಕು. ಕಾರು ಯಾವ ಕಡೆ ಹೋಗಬೇಕೋ ಆ ಕಡೆ ಕಣ್ಣಿಟ್ಟು ಸ್ಟಿಯರಿಂಗ್ ಮೆಲ್ಲಗೆ ತಿರುಗಿಸಬೇಕು. ಮರ ನೋಡಿದರೆ ಮರಕ್ಕೇ ಹೋಗುತ್ತದೆ. ಬ್ರೇಕ್ ಒತ್ತಲೇಬೇಕಾದರೆ? ಇಲ್ಲಿ ಜಗಲಿ ಎರಡು ಪಕ್ಷವಾಯಿತು. ಎಬಿಎಸ್, ಅಂದರೆ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರದ ಹಾಗೆ ನೋಡಿಕೊಳ್ಳುವ ವ್ಯವಸ್ಥೆ ಇದ್ದರೆ ಗಟ್ಟಿಯಾಗಿ ಒತ್ತಿ ಹಿಡಿಯಬೇಕು, ಪೆಡಲ್ ಕಾಲಡಿ ಗಡಗಡ ಅಂದರೂ ಬಿಡಬಾರದು ಅಂತ ಕೆನಡಾ. ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಬೇಕು ಅಂತ ಜೀಪಣ್ಣ. ಇಬ್ಬರೂ ಸರಿಯೇ. ನಮ್ಮಲ್ಲಿ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯವಾಗಿದ್ದು 2019ರ ಏಪ್ರಿಲ್‌ನಲ್ಲಿ. ಜೀಪಣ್ಣನ ಜೀಪು ಅದಕ್ಕಿಂತ ಎಷ್ಟೋ ಹಿರಿಯದು.

"ನನ್ನ ಕಾಲೇ ಎಬಿಎಸ್" ಅಂದರು. ಪೆಟ್ರೋಲ್ ಉಳಿಸಲು ಒಮ್ಮೆ ಇಂಜಿನ್ ಆಫ್ ಮಾಡಿ, ಗೇರು ನ್ಯೂಟ್ರಲ್‌ಗೆ ಹಾಕಿ ಘಟ್ಟದ ಕೆಳಗಿನ ಸಂಪಾಜೆವರೆಗೆ ಇಳಿದಿದ್ದನ್ನೂ ಅದೇ ಉಸಿರಲ್ಲಿ ಹೇಳಿದರು. ಮೇಷ್ಟ್ರಿಗೆ ಸಿಟ್ಟು ಬಂತು. ಹಾಗೆ ಇಳಿದರೆ ಗೇರಿನ ಹಿಡಿತವೂ ಇಲ್ಲ, ಬ್ರೇಕ್‌ಗೆ ಸಿಗೋ ಸಹಾಯವೂ ಇಲ್ಲ, ಘಟ್ಟದಲ್ಲಿ ಅದು ಜೀಪಲ್ಲ, ಬಂಡೆ ಅಂತ ಬೈದರು. "ಹತ್ತಿದ ಗೇರಿನಲ್ಲೇ ಇಳೀಬೇಕು!"

ಅಷ್ಟರಲ್ಲಿ ಅತ್ತಿಗೆ ಬಾಗಿಲಿಗೆ ಬಂದರು. "ಹಾಲು ಮುಗೀತು. ಇನ್ನೊಂದು ಸುತ್ತು ಕಾಫಿ ಬೇಕಾದ್ರೆ ಯಾರಾದ್ರೂ ಅಂಗಡಿಗೆ ಗಾಡಿ ತಗೊಂಡು ಹೋಗ್ಬನ್ನಿ."

ಮಳೆ ಜೋರಾಯಿತು. ಜೀಪಣ್ಣನ ಚೈನ್ ಮನೆಯಲ್ಲೇ ಉಳಿದಿತ್ತು. ಕೆನಡಾನಿಗೆ ಈಗ ಎಡಗಡೆ ಓಡಿಸಿ ಅಭ್ಯಾಸ ತಪ್ಪಿದೆಯಂತೆ. ನನಗೆ ಸಣ್ಣಗೆ ಸೊಂಟ ನೋವು.

"ಈ ಚಳಿಗೆ ಹಾಲು ಯಾಕಮ್ಮಾ" ಅಂದರು ಮೇಷ್ಟ್ರು. "ಬೆಲ್ಲದ ಕಾಫಿ ಮಾಡಿಬಿಡು."