ಶಾಲೆಯ ವಿಜ್ಞಾನ ಕಲಿಕೆಗೆ ಊರಿನವರು, ಕಂಪನಿಯವರು ಸೇರಿದ ಸಲಹಾ ತಂಡ: ಮಾಡಿ ನೋಡಿದವರು ಹೇಳಿ

ಪ್ರಶ್ನೆ

ನಮ್ಮೂರ ಸರ್ಕಾರಿ ಪ್ರೌಢಶಾಲೆಯ ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ, ನಾನೂ ಒಬ್ಬ ಸದಸ್ಯ. ಹತ್ತಿರದ ಕೈಗಾರಿಕಾ ಪ್ರದೇಶದ ಒಂದು ಕಂಪನಿಯವರು ಮಕ್ಕಳ ಸ್ಟೆಮ್ ಕಲಿಕೆಗೆ, ಅಂದರೆ ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತಕ್ಕೆ ಸಹಾಯ ಮಾಡ್ತೀವಿ, ಏನು ಬೇಕು ಹೇಳಿ ಅಂದಿದ್ದಾರೆ. ಊರಿನವರನ್ನೂ ಕಂಪನಿಯವರನ್ನೂ ಸೇರಿಸಿ ಒಂದು ಸಲಹಾ ತಂಡ ಮಾಡೋಣ ಅಂತ ಹೆಡ್‌ಮಾಸ್ಟರ ಆಸೆ. ಯಾರನ್ನು ಕರೆಯಬೇಕು? ಅವರಿಂದ ಏನು ಕೇಳಬೇಕು? ರೋಬೋಟಿಕ್ಸ್ ಕಿಟ್ ಕೇಳಿಬಿಡೋಣ ಅನ್ನುವವರೂ ಇದ್ದಾರೆ.

ವಿಜ್ಞಾನ ಶಿಕ್ಷಕಿ, ತುಮಕೂರು ಜಿಲ್ಲೆ

ಕಿಟ್ ಆಮೇಲೆ ಕೇಳಿ. ಮೊದಲು ನಿಮ್ಮ ವಿಜ್ಞಾನ, ಗಣಿತ ಶಿಕ್ಷಕರ ಜೊತೆ ಕೂತು ಒಂದೇ ಪ್ರಶ್ನೆ ಕೇಳಿ: ಯಾವ ಪಾಠ ಎಷ್ಟು ಹೇಳಿದರೂ ಮಕ್ಕಳ ತಲೆಗೆ ಹೋಗುತ್ತಿಲ್ಲ? ಆ ಪಾಠಗಳನ್ನು ಬರೆದುಕೊಳ್ಳಿ. ಯಾರನ್ನು ಕರೆಯಬೇಕು ಅನ್ನೋದು ಅದರಿಂದಲೇ ಗೊತ್ತಾಗುತ್ತದೆ. ಹೊರಗಿನವರು ಬಂದು ಪಟ್ಟಿ ಮಾಡಿದರೆ ಅವರ ಹತ್ತಿರ ಏನಿದೆಯೋ ಅದೇ ಪಟ್ಟಿಗೆ ಬರುತ್ತದೆ. ನಮಗೆ ಬೇಕಾದ್ದು ಬರೋದಿಲ್ಲ.

ನಮ್ಮಲ್ಲಿ ಮೊದಲು ಬಂದ ಸಲಹೆಗಾರರು ಎಂಜಿನಿಯರ್ ಅಲ್ಲ, ಹಾಲಿನ ಡೇರಿಯ ಕಾರ್ಯದರ್ಶಿ. 9ನೇ ತರಗತಿಯಲ್ಲಿ ಆರ್ಕಿಮಿಡೀಸ್ ತತ್ವ ಬರುತ್ತದೆ, ಅಲ್ಲೇ ಹಾಲಿನ ಸಾಂದ್ರತೆ ನೋಡುವ ತೇಲುವ ಸಾಧನ ಲ್ಯಾಕ್ಟೋಮೀಟರ್ ಹೆಸರೂ ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ಮಕ್ಕಳು ಅದನ್ನು ಬಾಯಿಪಾಠ ಮಾಡಿ ಬರೆಯುತ್ತಿದ್ದರು. ಕಾರ್ಯದರ್ಶಿ ಒಂದು ಲ್ಯಾಕ್ಟೋಮೀಟರ್, ಉದ್ದನೆಯ ಜಾಡಿ, ಹಾಲು ತಂದರು. ಹಾಲಿಗೆ ಒಂದು ಲೋಟ ನೀರು ಹಾಕಿದರು, ಲ್ಯಾಕ್ಟೋಮೀಟರ್ ಇನ್ನಷ್ಟು ಕೆಳಗಿಳಿಯಿತು. ಇಷ್ಟು ಎಲ್ಲರೂ ನಿರೀಕ್ಷೆ ಮಾಡಿದ್ದೇ. ಆಮೇಲೆ ಕೆನೆ ತೆಗೆದ ಹಾಲಿಗೆ ಅದನ್ನು ಬಿಟ್ಟರು. ಮೊದಲಿಗಿಂತ ಮೇಲೆ ನಿಂತಿತು! ಕೊಬ್ಬು ಹಗುರ, ಅದನ್ನು ತೆಗೆದರೆ ಹಾಲಿನ ಸಾಂದ್ರತೆ ಹೆಚ್ಚಾಗುತ್ತದೆ. ಆಗ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಹಾಗಾದ್ರೆ ಕೆನೆ ತೆಗೆದು ಆಮೇಲೆ ನೀರು ಹಾಕಿದ್ರೆ ಸರಿಯಾಗೇ ತೋರ್ಸುತ್ತಲ್ವಾ ಸಾರ್?" ಅದಕ್ಕೇ ಲ್ಯಾಕ್ಟೋಮೀಟರ್ ಒಂದನ್ನೇ ನಂಬೋದಿಲ್ಲ, ಫ್ಯಾಟನ್ನೂ ಬೇರೆಯಾಗಿ ಅಳೆಯುತ್ತೇವೆ, ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ಎರಡೂ ನೋಡಿಯೇ ದರ ಹಾಕೋದು ಅಂತ ಅವರು ವಿವರಿಸಿದರು. ದಿನಾ ಮನೆಗೆ ಬರುವ ಡೇರಿ ಚೀಟಿಯಲ್ಲಿ ಆ ಎರಡು ಅಂಕಿ ಯಾಕಿವೆ ಅಂತ ಮಕ್ಕಳಿಗೆ ಅವತ್ತು ಗೊತ್ತಾಯಿತು. ಇಷ್ಟು ವರ್ಷ ಪಾಠ ಮಾಡಿದ ನನಗೆ ಅಂಥ ಪ್ರಶ್ನೆ ತರಗತಿಯಿಂದ ಬಂದಿದ್ದು ಅದೇ ಮೊದಲು. ಈಗಲೂ ನೆನೆಸಿಕೊಂಡರೆ ಖುಷಿಯಾಗುತ್ತದೆ.

ಹಾಗಾಗಿ ಶಾಲೆಯ ಸುತ್ತಮುತ್ತ ಕಣ್ಣಾಡಿಸಿ. ಬೋರ್‌ವೆಲ್ ಮೋಟರ್ ರೀವೈಂಡಿಂಗ್ ಮಾಡುವವರು ಇದ್ದೇ ಇರುತ್ತಾರೆ. ವಿದ್ಯುತ್ತಿನ ಕಾಂತೀಯ ಪರಿಣಾಮ ಅನ್ನುವ 10ನೇ ತರಗತಿ ಪಾಠಕ್ಕೆ ಅವರಿಗಿಂತ ಒಳ್ಳೆಯವರು ಸಿಗೋದಿಲ್ಲ. ಸುಟ್ಟು ಕರಿಯಾದ ಕಾಯಿಲ್ ಒಂದನ್ನು ಮಕ್ಕಳ ಕೈಗೆ ಕೊಡಿಸಿ, ತಂತಿಯ ಮೇಲಿನ ಎನಾಮಲ್ ಯಾಕೆ ಬೇಕು ಅಂತ ಅವರೇ ಕೇಳುತ್ತಾರೆ. ಲೈನ್‌ಮನ್, ಮಣ್ಣು ಪರೀಕ್ಷೆ ಮಾಡುವವರು, ಪಿಎಚ್‌ಸಿಯ ಲ್ಯಾಬ್ ಟೆಕ್ನಿಷಿಯನ್, ಎಲ್ಲರನ್ನೂ ಮಾತಾಡಿಸಿ. ಕಂಪನಿಯವರೂ ಬೇಕು, ಬೇಡ ಅನ್ನುತ್ತಿಲ್ಲ. ಆದರೆ ತಂಡದಲ್ಲಿ ಅರ್ಧದಷ್ಟಾದರೂ ಊರಿನವರೇ ಇರಲಿ. ಕಂಪನಿಯ ಅಧಿಕಾರಿಗೆ ವರ್ಗಾವಣೆ ಆಗುತ್ತದೆ, ರೀವೈಂಡಿಂಗ್ ಅಂಗಡಿಯವರು ಅಲ್ಲೇ ಇರುತ್ತಾರೆ.

ಎಂಜಿನಿಯರ್, ಪೀಣ್ಯದ ಒಂದು ಕಾರ್ಖಾನೆ

ಮೇಡಂ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಕಂಪನಿ ಕಡೆಯಿಂದ ಶಾಲೆಗೆ ಹೋಗುವವನು. ಮಕ್ಕಳು ತಾವೇ ಮಾಡಿ ಕಲಿಯುವ ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಯೊಂದರಲ್ಲಿ ಮೆಂಟರ್, ಅಂದರೆ ಮಾರ್ಗದರ್ಶಕ, ಆಗಿದ್ದೇನೆ. ನೀತಿ ಆಯೋಗದ ಈ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ ಬರುತ್ತದೆ. 6ರಿಂದ 12ನೇ ತರಗತಿ ಮಕ್ಕಳಿಗೆ ಅಂತಲೇ ಇರುವ ಲ್ಯಾಬ್ ಅದು. ಇನ್ನೂ 50,000 ಲ್ಯಾಬ್‌ಗಳನ್ನು ಐದು ವರ್ಷದಲ್ಲಿ ಸರ್ಕಾರಿ ಶಾಲೆಗಳಲ್ಲೇ ಮಾಡ್ತೀವಿ ಅಂತ 2025ರ ಕೇಂದ್ರ ಬಜೆಟ್‌ನಲ್ಲಿ ಹೇಳಿದ್ದಾರೆ. ನಿಮ್ಮ ಶಾಲೆಗೂ ಬರಬಹುದು. ಬಂದಾಗ ಅದನ್ನು ಬಳಸಲು ಜನ ತಯಾರಿರಬೇಕು. ಸಲಹಾ ತಂಡದ ದೊಡ್ಡ ಕೆಲಸ ಇದು ಅಂತ ನನಗನ್ನಿಸುತ್ತದೆ.

ನಮ್ಮಂಥವರಿಗೆ ಒಂದು ಮಾತು ಮೊದಲೇ ಹೇಳಿಬಿಡಿ: ಮಕ್ಕಳ ಕೈಯಿಂದ ಸ್ಕ್ರೂಡ್ರೈವರ್ ಕಿತ್ಕೋಬೇಡಿ. ಒಂದು ಉದಾಹರಣೆ ಕೊಡ್ತೀನಿ. ಮಕ್ಕಳು ಆರ್ಡುಯಿನೋ ಅನ್ನುವ, ಪ್ರೋಗ್ರಾಂ ಬರೆದು ನಡೆಸುವ ಚಿಕ್ಕ ಎಲೆಕ್ಟ್ರಾನಿಕ್ ಬೋರ್ಡಿನ ಪಿನ್‌ಗೆ ನೇರವಾಗಿ ಮೋಟರ್ ಕಟ್ಟುತ್ತಾರೆ. ಅದು ತಿರುಗೋದಿಲ್ಲ. ಆರ್ಡುಯಿನೋ ಯೂನೋದ ಒಂದು ಪಿನ್ ಹೆಚ್ಚೆಂದರೆ 40 ಮಿಲಿಆಂಪಿಯರ್ ತಡೆದುಕೊಳ್ಳುತ್ತದೆ, 20ರ ಒಳಗೇ ಬಳಸೋದು ಒಳ್ಳೆಯದು. ಚಿಕ್ಕ ಮೋಟರ್ ಕೂಡ ಶುರುವಾಗುವಾಗ ಅದರ ಹಲವು ಪಟ್ಟು ಎಳೆಯುತ್ತದೆ. ಮಧ್ಯೆ ಮೋಟರಿಗೆ ಬೇಕಾದಷ್ಟು ಕರೆಂಟ್ ಕೊಡುವ ಒಂದು ಡ್ರೈವರ್ ಚಿಪ್ ಬೇಕು ಅಂತ ನಾನೇ ಜೋಡಿಸಿಕೊಟ್ಟರೆ ಎರಡು ನಿಮಿಷದ ಕೆಲಸ. ಅದರ ಬದಲು ಮಲ್ಟಿಮೀಟರ್ ಕೊಟ್ಟು, ಮೋಟರನ್ನು ಬ್ಯಾಟರಿಗೆ ಕಟ್ಟಿ ಎಷ್ಟು ಕರೆಂಟ್ ಎಳೆಯುತ್ತೆ ಅಂತ ನೀವೇ ಅಳೆಯಿರಿ ಅಂದರೆ ಇಡೀ ಪೀರಿಯಡ್ ಹಿಡಿಯುತ್ತದೆ. ಆದರೆ ಆ ಮಕ್ಕಳು ಓಮ್ ನಿಯಮ ಮರೆಯೋದಿಲ್ಲ.

ಕಿಟ್ ವಿಷಯ. ಒಂದು ಶಾಲೆಯಲ್ಲಿ ಯಾರೋ ಕೊಟ್ಟ ದುಬಾರಿ ಕಿಟ್‌ಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ತೆಗೆದರೆ ಬ್ಯಾಟರಿ ಸೋರಿ ತಾಮ್ರ ಹಸಿರು ಕಟ್ಟಿತ್ತು. ಶಿಕ್ಷಕರದ್ದು ತಪ್ಪಿಲ್ಲ. ಕಳೆದರೆ, ಮುರಿದರೆ ಸ್ಟಾಕ್ ರಿಜಿಸ್ಟರ್‌ಗೆ ಉತ್ತರ ಕೊಡಬೇಕಾದವರು ಅವರೇ ತಾನೇ. ಆದ್ದರಿಂದ ಕೊಡುವವರ ಹತ್ತಿರ ಮೂರು ವಿಷಯ ಬರೆಸಿಕೊಳ್ಳಿ: ಸುಟ್ಟುಹೋದ ಸಾಮಾನನ್ನು ಪ್ರತಿ ವರ್ಷ ಬದಲಿಸಿಕೊಡಬೇಕು, ಕೈಪಿಡಿ ಕನ್ನಡದಲ್ಲಿರಬೇಕು, ಶಿಕ್ಷಕರಿಗೆ ತರಬೇತಿ ಒಂದು ಸಲ ಕೊಟ್ಟು ಸುಮ್ನಾಗಬಾರದು.

ನಿವೃತ್ತ ಮೇಷ್ಟ್ರು, ಧಾರವಾಡ

ತಂಡಕ್ಕೆ ಕೈತುಂಬ ಕೆಲಸ ಬೇಕಂದ್ರೆ ಮಕ್ಕಳ ವಿಜ್ಞಾನ ಸಮಾವೇಶ ಹಿಡೀರಿ. 1993ರಿಂದ ನಡೀತಾ ಬಂದದ್ದು. ನಮ್ಮಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ನೋಡಿಕೊಳ್ಳುತ್ತ ಬಂದಿದೆ. ಅದರಲ್ಲಿ ಮಾದರಿ ಮಾಡಿ ತೋರಿಸೋದಲ್ಲ, ಊರಿನ ಒಂದು ಸಮಸ್ಯೆ ಹಿಡಿದು ಮಕ್ಕಳೇ ಅಳತೆ ಮಾಡಿ, ಲೆಕ್ಕ ಹಾಕಿ ವರದಿ ಬರೆಯಬೇಕು. ಮಕ್ಕಳ ಹೊಸ ಐಡಿಯಾಗಳಿಗೆ ಕೇಂದ್ರ ಸರ್ಕಾರ ಕೊಡುವ ಇನ್‌ಸ್ಪೈರ್ ಮಾನಕ್ ಪ್ರಶಸ್ತಿಗೂ ಐಡಿಯಾ ಕಳಿಸಿ. ಆಯ್ಕೆಯಾದರೆ 10,000 ರೂಪಾಯಿ ಮಗುವಿನ ಖಾತೆಗೇ ಬರುತ್ತದೆ. ಆದರೆ ಐಡಿಯಾ ಮಗುವಿನದೇ ಆಗಿರಲಿ. ಪ್ಯಾಟೆಯಿಂದ ತಂದ ಮಾಡೆಲ್ ಇಟ್ಟು ಬಹುಮಾನ ಹೊಡೆಯೋದು ನೋಡಿ ಹೊಟ್ಟೆ ಉರಿಯುತ್ತದೆ.

ಪೋಷಕಿ, ಎಸ್‌ಡಿಎಂಸಿ ಸದಸ್ಯೆ, ಮಂಡ್ಯ ಜಿಲ್ಲೆ

ಎರಡು ಮಾತು. ಚಟುವಟಿಕೆಗಳನ್ನು ಶಾಲೆ ಬಿಟ್ಟ ಮೇಲೆ ಇಡಬೇಡಿ. ಸಂಜೆ ಒಂದೇ ಬಸ್ಸು ಇರುವ ಕಡೆ ಹೆಣ್ಣುಮಕ್ಕಳಿಗೇ ಮೊದಲು ತಪ್ಪಿಹೋಗೋದು. ಶನಿವಾರ ಬೆಳಿಗ್ಗೆ ಮಾಡಿದಾಗ ನಮ್ಮಲ್ಲಿ ಹುಡುಗಿಯರೇ ಜಾಸ್ತಿ ಬಂದರು. ತಂಡದಲ್ಲೂ ಹೆಂಗಸರು ಇರಲಿ. ನಮ್ಮ ಶಾಲೆಯಲ್ಲೇ ಓದಿ ಈಗ ಡಿಪ್ಲೊಮಾ ಮುಗಿಸಿ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಚೆಕ್ ಮಾಡುವ ಹುಡುಗಿಯನ್ನು ಕರೆದಿದ್ವಿ. ವರ್ನಿಯರ್ ಕ್ಯಾಲಿಪರ್ಸ್ ತೋರಿಸಿ ತನ್ನ ಸಂಬಳ, ಶಿಫ್ಟು, ಹಾಸ್ಟೆಲ್ ಎಲ್ಲ ಹೇಳಿದಳು. ಅದನ್ನು ಕೇಳಿ ಪಾಲಿಟೆಕ್ನಿಕ್ ಅರ್ಜಿ ತಂದುಕೊಡಿ ಅಂತ ನನ್ನನ್ನೇ ಕೇಳಿದ ಅಪ್ಪಂದಿರಿದ್ದಾರೆ.

ಇನ್ನೊಂದು ಸುರಕ್ಷತೆ. ಹೊರಗಿನವರು ಯಾರೇ ಬರಲಿ, ಶಿಕ್ಷಕರೊಬ್ಬರು ತರಗತಿಯಲ್ಲೇ ಇರಬೇಕು. ಮಕ್ಕಳ ಫೋಟೋ ಕಂಪನಿಯ ಜಾಹೀರಾತಿಗೆ ಹೋಗಬಾರದು, ಮೊಬೈಲ್ ನಂಬರ್ ಕೊಡಬಾರದು. ಕೇಳೋಕೆ ಸಂಕೋಚ ಪಡಬೇಡಿ, ಒಳ್ಳೆಯವರು ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಹೆಡ್‌ಮಾಸ್ಟರಿಗೆ ಅನುಮತಿಯ ಚಿಂತೆ ಇದ್ದರೆ ಕೇಂದ್ರ ಶಿಕ್ಷಣ ಸಚಿವಾಲಯದ ವಿದ್ಯಾಂಜಲಿ ವೆಬ್‌ಸೈಟ್ ಇದೆ. ಶಾಲೆ ತನಗೆ ಬೇಕಾದ್ದನ್ನು ಅಲ್ಲಿ ಹಾಕಬಹುದು, ಸ್ವಯಂಸೇವಕರು ಅದರ ಮೂಲಕವೇ ಬರಬಹುದು. ಎಲ್ಲ ದಾಖಲೆಯಲ್ಲಿ ಇರುತ್ತದೆ.

ಮಿಶಿಗನ್‌ನಲ್ಲಿರುವ ಕನ್ನಡಿಗ

ಇಲ್ಲಿ ಅಮೆರಿಕದಲ್ಲಿ ವೃತ್ತಿ ಮತ್ತು ತಾಂತ್ರಿಕ ಶಿಕ್ಷಣಕ್ಕೆ ಕೇಂದ್ರದ ಹಣ ಬೇಕಾದರೆ ಸ್ಥಳೀಯ ಉದ್ಯಮದವರು, ಪೋಷಕರು, ವಿದ್ಯಾರ್ಥಿಗಳ ಜೊತೆ ಮಾತಾಡಿ ಎರಡು ವರ್ಷಕ್ಕೊಮ್ಮೆಯಾದರೂ ಅಗತ್ಯಗಳನ್ನು ಪರಿಶೀಲಿಸಬೇಕು ಅಂತ 2018ರ ಕಾನೂನಿನಲ್ಲೇ ಇದೆ. ವಿದ್ಯಾರ್ಥಿಗಳನ್ನೂ ಕೇಳಬೇಕು ಅನ್ನೋದು ಗಮನಿಸಿ. ನಿಮ್ಮ ತಂಡದಲ್ಲೂ 9ನೇ ತರಗತಿಯ ಇಬ್ಬರು ಮಕ್ಕಳಿಗೆ ಕುರ್ಚಿ ಹಾಕಿ. ಯಾವುದು ಅರ್ಥವಾಗುತ್ತಿಲ್ಲ ಅಂತ ಅವರಷ್ಟು ನೇರವಾಗಿ ಯಾರೂ ಹೇಳೋದಿಲ್ಲ.

ಮತ್ತೆ ತುಮಕೂರಿನ ಶಿಕ್ಷಕಿ

ಒಂದು ಬಿಟ್ಟುಹೋಯಿತು, ಸಮಯದ ವಿಷಯ. ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಿಎಸ್‌ಆರ್‌ಗೆ, ಅಂದರೆ ಸಮಾಜಕ್ಕೆ ನೆರವಾಗುವ ಕೆಲಸಗಳಿಗೆ, ಖರ್ಚು ಮಾಡಬೇಕು ಅಂತ 2013ರ ಕಂಪನಿ ಕಾಯ್ದೆ ಹೇಳುತ್ತದೆ. ಅವರ ಲೆಕ್ಕದ ವರ್ಷ ಮುಗಿಯೋದು ಮಾರ್ಚ್ ಕೊನೆಗೆ. ಹಾಗಾಗಿ ಫೆಬ್ರವರಿಯಲ್ಲಿ ಅವಸರವಾಗಿ ಫೋನ್ ಬರುತ್ತದೆ, ನಮಗೆ ಆಗ ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಬಿಸಿ. ಶಾಲೆ ಶುರುವಾದ ಜೂನ್‌ನಲ್ಲೇ ಮೊದಲ ಸಭೆ ಮಾಡಿ, ಪಾಠಗಳ ಪಟ್ಟಿಯನ್ನು ಜುಲೈ ಒಳಗೆ ಕಂಪನಿಯವರ ಕೈಗೆ ಕೊಡಿ. ಯಾವ ತಿಂಗಳು ಯಾವ ಪಾಠ ಬರುತ್ತದೆ ಅಂತಲೂ ಅದರಲ್ಲೇ ಬರೆಯಿರಿ. ಡೇರಿಯವರನ್ನು ಕರೆಯೋದಾದರೆ ಬೆಳಗಿನ ಹಾಲು ಅಳೆದು ಮುಗಿದ ಮೇಲಿನ ಪೀರಿಯಡ್ ಇಡಿ, ಸಂಜೆ ಅವರಿಗೆ ಬಿಡುವಿರೋದಿಲ್ಲ.