‘ವಿಶ್ವ ಹಿನ್ನೆಲೆ ವಿಕಿರಣ’ಕ್ಕೆ ‘ಕಾವು’ ಎನ್ನಬಹುದೇ?

ಗೆಳೆಯರೇ,

ಜಾರ್ಜ್ ಸ್ಮೂಟ್ ಅವರ ಕುರಿತು ಶಾಲಾ ಮಕ್ಕಳಿಗಾಗಿ ಲೇಖನವೊಂದನ್ನು ಬರೆಯುತ್ತಿದ್ದೇನೆ. ಜಾನ್ ಮ್ಯಾದರ್ ಜೊತೆ 2006ರ ಭೌತವಿಜ್ಞಾನದ ನೊಬೆಲ್ ಪಡೆದವರು ಇವರು. ‘ವಿಶ್ವ ಹಿನ್ನೆಲೆ ವಿಕಿರಣದ ಸಂಶೋಧನೆಗಾಗಿ’ ಎಂದು ಬರೆದು, ಒಂಬತ್ತನೇ ತರಗತಿಯಲ್ಲಿರುವ ಅಣ್ಣನ ಮಗಳಿಗೆ ಓದಲು ಕೊಟ್ಟೆ. “ಚಿಕ್ಕಪ್ಪ, ಹಿನ್ನೆಲೆ ಅಂದರೆ ಕಾರಣ ಅಲ್ಲವೇ? ಇದು ಯಾವುದಕ್ಕೆ ಕಾರಣ?” ಎಂದು ಕೇಳಿದಳು.

ತಪ್ಪು ಅವಳದಲ್ಲ. ‘ಭಾರೀ ಮಳೆಯ ಹಿನ್ನೆಲೆಯಲ್ಲಿ ಶಾಲೆಗಳಿಗೆ ರಜೆ’ ಎಂದು ಓದಿಕೊಂಡೇ ಬೆಳೆದವಳು. ಬೇರೆ ಪದ ಹುಡುಕಲು ಹೊರಟವನು ಕೊನೆಗೆ ಇದನ್ನೇ ಬಿಡಿಸಿ ನೋಡಿದೆ. ಹಿಂದಿನ ನೆಲೆ, ಹಿನ್ನೆಲೆ. ನಮ್ಮ ‘ಹಿಂದೆ’ ಜಾಗಕ್ಕೂ ಸಲ್ಲುತ್ತದೆ, ಕಾಲಕ್ಕೂ ಸಲ್ಲುತ್ತದೆ: ಮನೆಯ ಹಿಂದೆ ಬಾವಿ, ನೂರು ವರ್ಷದ ಹಿಂದೆ ಬರ. ತೀರಾ ಬಿಸಿಯಾಗಿದ್ದ ಎಳೆಯ ವಿಶ್ವದಿಂದ ಉಳಿದು ಬಂದಿರುವ ಈ ವಿಕಿರಣವೂ ಹಾಗೆಯೇ. ಕಾಣುವ ಎಲ್ಲ ನಕ್ಷತ್ರ, ಗೆಲಾಕ್ಸಿಗಳ ಆಚೆಯಿಂದ ಬರುತ್ತದೆ; ಹೊರಟದ್ದು ಸುಮಾರು 1,380 ಕೋಟಿ ವರ್ಷಗಳ ಹಿಂದೆ, ವಿಶ್ವಕ್ಕೆ ಇನ್ನೂ 3.8 ಲಕ್ಷ ವರ್ಷ ವಯಸ್ಸಾಗಿದ್ದಾಗ. ಎರಡೂ ‘ಹಿಂದೆ’ಗಳನ್ನು ಒಂದೇ ಪದ ಹೊತ್ತಿರುವಾಗ ಅದನ್ನು ಕೈಬಿಡಲು ನನಗೆ ಮನಸ್ಸಿಲ್ಲ.

ತೊಡಕಿರುವುದು ‘ವಿಕಿರಣ’ದಲ್ಲಿ. ಆ ಪದ ಕೇಳಿದೊಡನೆ ಚೆರ್ನೊಬಿಲ್ ನೆನಪಾಗುತ್ತದೆ, ಕ್ಯಾನ್ಸರ್ ಆಸ್ಪತ್ರೆ ನೆನಪಾಗುತ್ತದೆ. ಮೊಟಕುಗೊಳಿಸಿ ‘ವಿಶ್ವಕಿರಣ’ ಎಂದರೆ ಇನ್ನೂ ತಪ್ಪು. ಅದು ಬಾಹ್ಯಾಕಾಶದಿಂದ ಮಹಾವೇಗದಲ್ಲಿ ಬಂದೆರಗುವ ಕಣಗಳಿಗೆ ಆಗಲೇ ಸಂದಿರುವ ಹೆಸರು. ‘ಬೆಳಕು’ ಎನ್ನೋಣವೆಂದರೆ ಇದು ಮೈಕ್ರೋವೇವ್, ಕಣ್ಣಿಗೆ ಕಾಣದು.

ನನಗೆ ಹೊಳೆದದ್ದು ‘ಕಾವು’. ಬಚ್ಚಲ ಒಲೆಯ ಬೆಂಕಿ ಆರಿದ ಮೇಲೂ ಬೂದಿಯ ಮೇಲೆ ಅಂಗೈ ಹಿಡಿದರೆ ತಿಳಿಯುತ್ತದಲ್ಲ, ಅದು. 1989ರಲ್ಲಿ ಹಾರಿದ ಕೋಬ್ ಉಪಗ್ರಹ ಅಳೆದದ್ದೂ ಇಂಥ ಉಳಿಕೆ ಕಾವನ್ನೇ. ಮ್ಯಾದರ್ ತಂಡದ ಉಪಕರಣ ಅದರ ಉಷ್ಣತೆಯನ್ನು ಸುಮಾರು 2.7 ಕೆಲ್ವಿನ್ ಎಂದು ಕರಾರುವಾಕ್ಕಾಗಿ ಗುರುತಿಸಿತು. ಸ್ಮೂಟ್ ತಂಡದ ಉಪಕರಣ ಆಕಾಶದ ಒಂದು ಕಡೆಯನ್ನು ಇನ್ನೊಂದು ಕಡೆಯೊಡನೆ ಹೋಲಿಸುತ್ತ ಹೋಗಿ, ಲಕ್ಷದಲ್ಲಿ ಒಂದು ಪಾಲಿನಷ್ಟು ಏರಿಳಿತವನ್ನು ಹಿಡಿಯಿತು. 1992ರಲ್ಲಿ ಅದು ಪ್ರಕಟವಾಯಿತು. ಆ ಏರಿಳಿತದ ಹಿಂದಿದ್ದ ಸಾಂದ್ರತೆಯ ವ್ಯತ್ಯಾಸಗಳೇ ಮುಂದೆ ಗೆಲಾಕ್ಸಿಗಳಾಗಿ ಬೆಳೆದವು. ಕೋಳಿ ಕಾವಿಗೆ ಕೂರುವುದೂ ಇದೇ ಪದ ಎಂಬುದು ನನಗೆ ಬಹಳ ಹಿಡಿಸಿದೆ.

ಆದರೆ ಒಂದು ಅಳುಕು. 2.7 ಕೆಲ್ವಿನ್ ಎಂದರೆ ಸೊನ್ನೆಗಿಂತ 270 ಡಿಗ್ರಿ ಸೆಲ್ಸಿಯಸ್ ಕೆಳಗೆ. ಕೈಗೆ ಬೆಚ್ಚಗೆ ತಾಗದ್ದನ್ನು ‘ಕಾವು’ ಎನ್ನುವ ಬಳಕೆ ನಿಮ್ಮ ಕಡೆ ಇದೆಯೇ? ತಣ್ಣಗಾದ ಅನ್ನಕ್ಕೆ, ಮುಟ್ಟಿದರೆ ತಿಳಿಯದಷ್ಟು ಆರಿದ ಹಾಲಿಗೆ ಈ ಪದ ಬಳಸುವುದನ್ನು ಕೇಳಿದ್ದೀರಾ? ಕೇಳಿದ್ದರೆ ಯಾವ ಊರಿನಲ್ಲಿ, ಯಾರ ಬಾಯಲ್ಲಿ ಎಂಬುದನ್ನೂ ದಯವಿಟ್ಟು ತಿಳಿಸಿ. ‘ವಿಶ್ವದ ಹಿನ್ನೆಲೆ ಕಾವು’ ಎಂದು ಬರೆದಿಟ್ಟಿದ್ದೇನೆ, ಇನ್ನೂ ಪೆನ್ಸಿಲ್‌ನಲ್ಲಿ.