ಲೋಕಲ್ ಟ್ರೈನಿನಲ್ಲಿ ಕತೆ ಬರೆಯಬಹುದೇ?

ಮುಂಬಯಿ ಹತ್ತಿರದ ಡೊಂಬಿವಲಿಯ ತಂಗಿಯೊಬ್ಬಳು ಕೇಳಿದ್ದು: ಮನೆಯಲ್ಲಿ ತುಳು, ಆಫೀಸಿನಲ್ಲಿ ಹಿಂದಿ-ಮರಾಠಿ. ಕನ್ನಡ ಕಲಿತದ್ದು ಮುನ್ಸಿಪಾಲಿಟಿ ಶಾಲೆಯಲ್ಲಿ, ಏಳನೇ ಕ್ಲಾಸಿನವರೆಗೆ. ಬೆಳಗ್ಗೆ ಏಳಕ್ಕೆ ಹೊರಟರೆ ರಾತ್ರಿಯೇ ವಾಪಸ್. ಕತೆ ಬರೆಯುವ ಆಸೆ. ನನ್ನಂಥವಳಿಂದ ಆದೀತಾ?

ಥಾಣೆ ಊರಿನಿಂದ:
ಆಗ್ತದೆ ಮಾರಾಯ್ತಿ. ನಾನು ಬರೆಯುವುದು ಹೆಚ್ಚೂಕಮ್ಮಿ ಎಲ್ಲ ಲೇಡೀಸ್ ಡಬ್ಬದಲ್ಲೇ. ಬೆಳಗ್ಗಿನ ಗರ್ದಿಯಲ್ಲಿ ಕೈ ಎತ್ತಲೂ ಆಗುವುದಿಲ್ಲ, ಆಗ ಕಿವಿಗಷ್ಟೇ ಕೆಲಸ. ಸಂಜೆ ಟ್ರೈನ್ ಹೊರಡುವ ಸಿಎಸ್‌ಎಂಟಿ ಸ್ಟೇಷನ್ನಿನಲ್ಲೇ ಹತ್ತಿ, ಸ್ಲೋ ಟ್ರೈನ್ ಹಿಡಿ. ಸೀಟು ಸಿಕ್ಕರೆ ಫೋನಿನ ಕನ್ನಡ ಕೀಬೋರ್ಡ್ ಸಾಕು. (ಮಾತಾಡಿ ಟೈಪ್ ಮಾಡಿಸುವ ಸೌಕರ್ಯವೂ ಇದೆ, ಆದರೆ ಪಕ್ಕದಲ್ಲಿ ಹಾಡುತ್ತಿರುವ ಭಜನೆ ಮಂಡಳಿಯೂ ನಿನ್ನ ಕತೆಯೊಳಗೆ ಬಂದು ಕೂರುತ್ತದೆ.) ಮೊದಮೊದಲು ನಿನ್ನ ಭಾವನೆ ಬರೆಯಬೇಡ. ಕುರ್ಲಾದಲ್ಲಿ ಸೀಟಿಗೆ ಜಗಳ ಆಡಿದ ಇಬ್ಬರು ಮುಲುಂಡ್ ಬರುವಷ್ಟರಲ್ಲಿ ಒಂದೇ ಡಬ್ಬಿಯಿಂದ ಚಿವಡಾ ತಿನ್ನುತ್ತಿರುತ್ತಾರಲ್ಲ, ಯಾರು ಏನಂದರು, ಮಾತು ಎಲ್ಲಿ ತಿರುಗಿತು, ಅಷ್ಟನ್ನೇ ಬರಿ. ಭಾನುವಾರ ಅದರಲ್ಲೊಂದನ್ನು ಎತ್ತಿಕೊಂಡು, ಇವಳು ಮನೆಗೆ ಹೋಗಿ ಏನು ಮಾಡಿರಬಹುದು ಅಂತ ಕೇಳಿಕೊ. ನನಗೆ ಕತೆ ಶುರುವಾಗುವುದು ಆ ಪ್ರಶ್ನೆಯಿಂದ.

ಘಾಟ್ಕೋಪರ್‌ನಿಂದ, ನಿವೃತ್ತ ಬ್ಯಾಂಕ್ ನೌಕರ:
ನೌಕರಿ ಅಡ್ಡಿ ಅನ್ನುವ ಮಾತು ನಾನು ಒಪ್ಪುವುದಿಲ್ಲ. ಕತೆಗಾರ ಯಶವಂತ ಚಿತ್ತಾಲರು ಪ್ಲಾಸ್ಟಿಕ್ ಉದ್ಯಮದಲ್ಲಿ ದುಡಿಯುತ್ತಲೇ ಬರೆದವರು. ಇನ್ನೊಬ್ಬ ಕತೆಗಾರ ಜಯಂತ ಕಾಯ್ಕಿಣಿ ಇದೇ ಮುಂಬಯಿಯಲ್ಲಿ ಔಷಧ ಕಂಪನಿಯಲ್ಲಿದ್ದರು. ಚಿತ್ತಾಲರು ಇಲ್ಲಿದ್ದುಕೊಂಡು ತಮ್ಮ ಹುಟ್ಟೂರು ಹನೇಹಳ್ಳಿಯನ್ನೂ ಬರೆದರು, ಮುಂಬಯಿಯನ್ನೂ ಬರೆದರು. ಇನ್ನು ನಿಮ್ಮ ಭಾಷೆಯ ಸಂಕೋಚ. ಕನ್ನಡ ಪದ ಹೊಳೆಯದಿದ್ದರೆ ತುಳುವನ್ನೋ ಹಿಂದಿಯನ್ನೋ ಹಾಕಿ ಮುಂದೆ ಹೋಗಿ, ತಿದ್ದುವಾಗ ನೋಡಿದರಾಯಿತು. ಎಷ್ಟೋ ಸಲ ಅದೇ ಪದ ಅಲ್ಲಿಗೆ ಸರಿ ಅನಿಸುತ್ತದೆ. ಒತ್ತಕ್ಷರ ತಿದ್ದಿಕೊಡಲು ನಾನಿದ್ದೇನಮ್ಮ, ಆದರೆ ಅರ್ಧ ಕತೆ ಕಳಿಸಬೇಡಿ.

ಮೀರಾ ರೋಡ್‌ನಿಂದ:
ಎಲ್ಲರೂ ಬರೆಯುವುದರ ಬಗ್ಗೆಯೇ ಹೇಳಿದಿರಿ, ಓದು ಯಾರು ಹೇಳ್ತಾರೆ? ಏಳನೇ ಕ್ಲಾಸಿನ ಕನ್ನಡ ಬೆಳೆಯುವುದು ಓದಿದರೆ ಮಾತ್ರ. ದಿನಕ್ಕೆ ಒಂದು ಪುಟ ಗಟ್ಟಿಯಾಗಿ ಓದಿ, ವಾಕ್ಯ ಎಲ್ಲಿ ಉಸಿರು ತೆಗೆದುಕೊಳ್ಳುತ್ತದೆ ಅಂತ ಗೊತ್ತಾಗುತ್ತದೆ. ಮಾಟುಂಗಾದ ಕನ್ನಡಿಗರ ಸಂಸ್ಥೆ ಮೈಸೂರು ಅಸೋಸಿಯೇಷನ್ನಿನಲ್ಲೋ ಕಲೀನಾದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲೋ ಕಾರ್ಯಕ್ರಮ ಇದ್ದರೆ ಹೋಗಿ. ಭಾಷಣ ಬೋರಾದರೂ ಚಹಾ ಹೊತ್ತಿಗೆ ಓದುವವರು ನಾಲ್ಕು ಜನ ಸಿಗುತ್ತಾರೆ.

ವಾಶಿಯಿಂದ:
ಇನ್ನು ಪತ್ರಿಕೆಗೆ ಕತೆ ಕಳಿಸುವ ವಿಚಾರ. ಯೂನಿಕೋಡ್‌ನಲ್ಲೇ (ಎಲ್ಲ ಕಂಪ್ಯೂಟರ್, ಫೋನ್‌ಗಳಿಗೂ ಅರ್ಥವಾಗುವ ಅಕ್ಷರ ಪದ್ಧತಿ) ಟೈಪ್ ಮಾಡಿ. ಹಳೆಯ ಫಾಂಟಿನಲ್ಲಿ ಮಾಡಿದ ಫೈಲು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಬರೀ ಗೋಜಲು. ಪತ್ರಿಕೆ ಕೇಳುವ ಪದಮಿತಿ ಮೀರಬೇಡಿ. ಸ್ವಂತ ರಚನೆ, ಎಲ್ಲೂ ಪ್ರಕಟವಾಗಿಲ್ಲ ಅಂತ ಒಂದು ಸಾಲು, ವಿಳಾಸ, ಫೋನ್ ಇರಲಿ. ಒಂದೇ ಕತೆಯನ್ನು ಒಟ್ಟಿಗೆ ಎರಡು ಕಡೆ ಕಳಿಸುವುದು ಬೇಡ. ದುಡ್ಡು ಕೊಟ್ಟರೆ ಸಂಕಲನಕ್ಕೆ ಸೇರಿಸುತ್ತೇವೆ ಅನ್ನುವವರಿಗೆ ನಮಸ್ಕಾರ ಹೇಳಿ ಬಿಡಿ. ಎರಡು ಮೂರು ತಿಂಗಳಾದರೂ ಸುದ್ದಿ ಇಲ್ಲವೇ, ಹಿಂದೆ ತೆಗೆದುಕೊಳ್ಳುತ್ತೇನೆ ಅಂತ ಮೇಲ್ ಹಾಕಿ ಬೇರೆ ಕಡೆ ಕಳಿಸಿ. ಅಷ್ಟರೊಳಗೆ ಎರಡನೇ ಕತೆ ಶುರುವಾಗಿರಲಿ.